ಮೋಡದೊಳಗೆ ಪೈಲಟ್ ತಪ್ಪುವುದು ಎಲ್ಲಿ? ಮಳೆಗಾಲದಲ್ಲಿ ತರಬೇತಿ ವಿಮಾನ ಹಾರದಿರಲು ಕಾರಣ ಇಲ್ಲಿದೆ

ಬೆಳಗಾವಿ: ಸಾಂಬ್ರಾ, ಹೊನ್ನಿಹಾಳ ಸುತ್ತಮುತ್ತಲಿನ ಊರಿನವರಿಗೆ ತರಬೇತಿ ವಿಮಾನದ ಸದ್ದು ಈಗ ಹೊಸದೇನಲ್ಲ. ಹೊಲದಲ್ಲಿ ಕಳೆ ತೆಗೆಯುವವರು ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದಾರೆ. ಆದರೆ ಜೂನ್ ದಾಟಿ ಜಿಟಿಜಿಟಿ ಮಳೆ ಹಿಡಿದುಕೊಂಡರೆ ಆ ಸದ್ದು ನಿಲ್ಲುತ್ತದೆ. ಕೆಲವೊಮ್ಮೆ ವಾರಗಟ್ಟಲೆ ಇಲ್ಲ. ಆಗ ಚಹಾದಂಗಡಿಯಲ್ಲಿ ಒಂದು ಪ್ರಶ್ನೆ ಖಾಯಂ: ‘ಇಷ್ಟ ಮಳಿಗೇ ವಿಮಾನ ಹಾರೂದಿಲ್ಲೇನ್ರಿ?’

ಪ್ರಶ್ನೆ ಸರಿಯಾಗಿಯೇ ಇದೆ. ಸಮಸ್ಯೆ ಇರುವುದು ಮಳೆ ಹನಿಯಲ್ಲಲ್ಲ, ಮೋಡದಲ್ಲಿ. ಮೋಡದೊಳಗೆ ಹೊಕ್ಕ ಪೈಲಟ್‌ಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಿಳಿಯುವುದಿಲ್ಲ. ಇದು ಧೈರ್ಯದ ಅಥವಾ ಬುದ್ಧಿಯ ಕೊರತೆಯಲ್ಲ. ಮನುಷ್ಯನ ದೇಹ ಇರುವುದೇ ಹಾಗೆ. ಆ ದೇಹದ ಮಾತು ಕೇಳದೆ, ಎದುರಿನ ಮೀಟರ್‌ಗಳನ್ನು ಮಾತ್ರ ನಂಬಿ ಹಾರುವುದನ್ನು ಕಲಿಸುವ ತರಬೇತಿಗೆ ‘ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್’ ಎನ್ನುತ್ತಾರೆ. ಈ ಕಲಿಕೆಯಲ್ಲಿ ಆಗುವ ತಪ್ಪುಗಳು ಜಗತ್ತಿನಾದ್ಯಂತ ಜೀವ ತೆಗೆದಿವೆ.

ಬೆಳಗಾವಿ, ಕಲಬುರಗಿ, ಬೆಂಗಳೂರಿನ ಜಕ್ಕೂರು ಹೀಗೆ ರಾಜ್ಯದ ಹಲವೆಡೆ ಪೈಲಟ್ ತರಬೇತಿ ನಡೆಯುತ್ತದೆ. ತಾಲ್ಲೂಕು ಊರುಗಳ ಮಕ್ಕಳೂ ಈಗ ಈ ಕೋರ್ಸ್ ಕಡೆ ನೋಡುತ್ತಿದ್ದಾರೆ. ಹಾಗಾಗಿ ಈ ವಿಷಯ ಗೊತ್ತಿರುವುದು ಒಳ್ಳೆಯದು.

ಹಾರಾಟ ಎರಡು ಬಗೆ

ಒಂದು, ಕಣ್ಣಿಂದ ನೋಡಿ ಹಾರುವುದು. ನೆಲ ಕಾಣುತ್ತದೆ, ದಿಗಂತ ಕಾಣುತ್ತದೆ, ಎದುರಿಗೆ ಬೇರೆ ವಿಮಾನ ಬಂದರೆ ಕಾಣುತ್ತದೆ. ಹೊಸದಾಗಿ ಕಲಿಯುವವರು ಶುರು ಮಾಡುವುದು ಹೀಗೆಯೇ. ಇದಕ್ಕೆ ನಿಯಮವಿದೆ. ನಿಯಂತ್ರಿತ ವಿಮಾನ ನಿಲ್ದಾಣದಲ್ಲಿ ಕನಿಷ್ಠ 5 ಕಿಲೋಮೀಟರ್ ದೂರ ಕಾಣಬೇಕು, ಮೋಡದ ತಳ 1,500 ಅಡಿಗಿಂತ ಕೆಳಗೆ ಇರಬಾರದು. ಇಷ್ಟಿಲ್ಲದಿದ್ದರೆ ಕಣ್ಣಂದಾಜಿನ ಹಾರಾಟಕ್ಕೆ ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ. ಬೆಳಗಾವಿಯ ಜುಲೈ ತಿಂಗಳ ಆಕಾಶ ನೆನಪಿಸಿಕೊಂಡರೆ ಸಾಕು, ವಿಮಾನಗಳು ಶೆಡ್‌ನಲ್ಲೇ ಯಾಕೆ ನಿಂತಿರುತ್ತವೆ ಅಂತ ಅರ್ಥವಾಗುತ್ತದೆ.

ಇನ್ನೊಂದು, ಉಪಕರಣ ನೋಡಿ ಹಾರುವುದು. ಹೊರಗೆ ಬಿಳಿ ಗೋಡೆ ಬಿಟ್ಟರೆ ಏನೂ ಕಾಣದಿದ್ದರೂ ಮೀಟರ್ ನೋಡಿಕೊಂಡು, ಏರ್ ಟ್ರಾಫಿಕ್ ಕಂಟ್ರೋಲ್ ಹೇಳಿದ ದಾರಿಯಲ್ಲಿ ಹೋಗುವುದು. ದೊಡ್ಡ ಪ್ರಯಾಣಿಕ ವಿಮಾನಗಳೆಲ್ಲ ಹಾರುವುದು ಈ ನಿಯಮದಲ್ಲಿ. ಇದಕ್ಕೆ ಪೈಲಟ್ ಬಳಿ ಪ್ರತ್ಯೇಕ ಅರ್ಹತೆ ಇರಬೇಕು. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ ಒಟ್ಟು 200 ಗಂಟೆ ಹಾರಾಟ ಬೇಕು. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ 40 ಗಂಟೆ ಉಪಕರಣ ಹಾರಾಟ ಬೇಕು, ಅದರಲ್ಲಿ 20 ಗಂಟೆಯವರೆಗೆ ಸಿಮ್ಯುಲೇಟರ್‌ನಲ್ಲಿ ಮಾಡಬಹುದು.

ಅಪಾಯ ಇರುವುದು ಈ ಎರಡರ ನಡುವಿನ ಗಡಿಯಲ್ಲಿ. ಕಣ್ಣಂದಾಜಿನಲ್ಲಿ ಹೊರಟ ಪೈಲಟ್, ಅರ್ಧ ದಾರಿಯಲ್ಲಿ ಮೋಡಕ್ಕೋ ಮಬ್ಬಿಗೋ ಸಿಕ್ಕಿಕೊಂಡಾಗ.

ಕಿವಿ ಮಾಡುವ ಮೋಸ

ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನೊಳಗೆ ಕುಳಿತಿರುವಾಗ ಪಕ್ಕದ ಬಸ್ಸು ಹಿಂದಕ್ಕೆ ಸರಿದರೆ, ನಮ್ಮ ಬಸ್ಸೇ ಮುಂದೆ ಹೊರಟಂತೆ ಅನ್ನಿಸುತ್ತದೆ. ಎಲ್ಲರಿಗೂ ಆಗಿರುವ ಅನುಭವ ಇದು. ಕಿಟಕಿಯಾಚೆ ಇರುವ ಕಂಬ ನೋಡಿದ ಕೂಡಲೇ ಭ್ರಮೆ ಹೋಗುತ್ತದೆ. ಮೋಡದೊಳಗೆ ಹಾಗೆ ನೋಡಲು ಕಂಬ ಇರುವುದಿಲ್ಲ.

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಸಣ್ಣ ಕೊಳವೆಗಳಿವೆ. ತಲೆ ತಿರುಗಿದಾಗ ಕೊಳವೆ ತಿರುಗುತ್ತದೆ, ದ್ರವ ಸ್ವಲ್ಪ ಹಿಂದುಳಿಯುತ್ತದೆ. ಆ ವ್ಯತ್ಯಾಸದಿಂದ ಮೆದುಳಿಗೆ ‘ತಿರುಗುತ್ತಿದ್ದೇವೆ’ ಎಂಬ ಸುದ್ದಿ ಹೋಗುತ್ತದೆ. ಆದರೆ ಒಂದೇ ವೇಗದಲ್ಲಿ ಸುಮಾರು 20 ಸೆಕೆಂಡ್ ತಿರುಗಿದರೆ ದ್ರವವೂ ಕೊಳವೆಯ ಜೊತೆಗೇ ತಿರುಗಲು ಶುರುಮಾಡುತ್ತದೆ. ಆಗ ಮೆದುಳಿಗೆ ಹೋಗುವ ಸುದ್ದಿ: ‘ನೇರ ಹೋಗುತ್ತಿದ್ದೇವೆ’. ವಿಮಾನ ಮಾತ್ರ ಇನ್ನೂ ತಿರುಗುತ್ತಲೇ ಇರುತ್ತದೆ.

ತಿರುಗುವುದು ನಿಂತಾಗ ಉಲ್ಟಾ ಆಗುತ್ತದೆ. ಮಕ್ಕಳು ಗರಗರ ತಿರುಗಿ ಥಟ್ಟನೆ ನಿಂತರೆ ನೆಲ ಇನ್ನೊಂದು ಕಡೆಗೆ ಸುತ್ತಿದಂತೆ ಆಗುತ್ತದಲ್ಲ, ಹಾಗೆಯೇ. ಮೋಡದಲ್ಲಿ ಪೈಲಟ್ ಎಡಕ್ಕೆ ವಾಲಿದ್ದ ವಿಮಾನವನ್ನು ಸರಿಯಾಗಿ ನೇರ ಮಾಡಿದರೆ, ದೇಹ ‘ಈಗ ಬಲಕ್ಕೆ ವಾಲಿದೆ’ ಎನ್ನುತ್ತದೆ. ದೇಹದ ಮಾತು ಕೇಳಿ ಆತ ಮತ್ತೆ ಎಡಕ್ಕೆ ವಾಲಿಸುತ್ತಾನೆ. ಅವನಿಗೆ ಆಗ ಎಲ್ಲ ಸರಿಹೋಯಿತು ಅನ್ನಿಸುತ್ತದೆ.

ಇಲ್ಲಿಂದ ಮುಂದಿನದು ಬಹಳ ಬೇಗ ನಡೆಯುತ್ತದೆ. ವಾಲಿದ ವಿಮಾನದ ಮೂತಿ ನಿಧಾನವಾಗಿ ಕೆಳಗಾಗುತ್ತದೆ. ವೇಗ ಏರುತ್ತದೆ, ಎತ್ತರ ಇಳಿಯುತ್ತದೆ. ರೆಕ್ಕೆ ನೇರವಾಗಿಯೇ ಇದೆ ಎಂದು ನಂಬಿದ ಪೈಲಟ್, ಮೇಲೇಳಲು ಹಿಡಿಕೆಯನ್ನು ತನ್ನ ಕಡೆಗೆ ಎಳೆಯುತ್ತಾನೆ. ರೆಕ್ಕೆ ವಾಲಿರುವಾಗ ಎಳೆದರೆ ವಿಮಾನ ಮೇಲೇಳುವುದಿಲ್ಲ, ಸುತ್ತು ಇನ್ನೂ ಬಿಗಿಯಾಗುತ್ತದೆ. ನೀರಿನ ಸುಳಿಯಂತೆ ಸುತ್ತುತ್ತಾ ಕೆಳಗಿಳಿಯುವ ಇದನ್ನು ಪೈಲಟ್‌ಗಳು ‘ಸಾವಿನ ಸುರುಳಿ’ ಅಂತಲೇ ಕರೆಯುತ್ತಾರೆ.

178 ಸೆಕೆಂಡ್

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಉಪಕರಣ ತರಬೇತಿ ಇಲ್ಲದ 20 ಮಂದಿಯನ್ನು, ಪಕ್ಕದಲ್ಲಿ ಅನುಭವಿ ಪೈಲಟ್ ಕೂರಿಸಿ, ಹೊರಗೆ ಏನೂ ಕಾಣದಂತೆ ಮಾಡಿ ವಿಮಾನ ನಡೆಸಲು ಬಿಟ್ಟರು. 20 ಜನರೂ ನಿಯಂತ್ರಣ ಕಳೆದುಕೊಂಡರು. 19 ಮಂದಿ ಸುರುಳಿಗೆ ಸಿಕ್ಕರು, ಒಬ್ಬರು ಮೂತಿ ಅತಿಯಾಗಿ ಎತ್ತಿ ವಿಮಾನದ ತೇಲುವ ಶಕ್ತಿಯನ್ನೇ ಕಳೆದರು. ಅಲ್ಲಿಯವರೆಗೆ ಹಿಡಿದ ಸರಾಸರಿ ಸಮಯ 178 ಸೆಕೆಂಡ್. ಅಂದರೆ ಮೂರು ನಿಮಿಷವೂ ಇಲ್ಲ. ಒಂದು ಚಹಾ ಕುದಿಯುವಷ್ಟು ಹೊತ್ತು.

ಈ ಪ್ರಯೋಗದ ಇನ್ನೊಂದು ಭಾಗವನ್ನು ಹೆಚ್ಚಿನವರು ಹೇಳುವುದಿಲ್ಲ. ಅದೇ ಜನರಿಗೆ ಕೆಲವು ಗಂಟೆ ಸರಳ ವಿಧಾನವೊಂದನ್ನು ಕಲಿಸಿದರು: ಗಾಬರಿಯಾಗದೆ, ಉಪಕರಣ ನೋಡುತ್ತಾ, ನಿಧಾನವಾಗಿ ಅರ್ಧ ಸುತ್ತು ತಿರುಗಿ ಬಂದ ದಾರಿಗೇ ವಾಪಸ್ ಬರುವುದು. ಆಮೇಲೆ ಬಹುತೇಕ ಎಲ್ಲರೂ ಪಾರಾದರು. ತರಬೇತಿಗೆ ಇರುವ ಬೆಲೆ ಇದು.

1999ರ ಆ ರಾತ್ರಿ: ಅರ್ಧ ಕಲಿತ ವಿದ್ಯೆ

ಈ ವಿಷಯದಲ್ಲಿ ಜಗತ್ತು ಹೆಚ್ಚು ಚರ್ಚಿಸಿದ ಘಟನೆ ನಡೆದದ್ದು 1999ರ ಜುಲೈ 16ರಂದು. ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿ ಅವರ ಮಗ ಜಾನ್ ಎಫ್. ಕೆನಡಿ ಜೂನಿಯರ್, ಪತ್ನಿ ಮತ್ತು ಪತ್ನಿಯ ಅಕ್ಕನನ್ನು ಕೂರಿಸಿಕೊಂಡು ಒಂದೇ ಎಂಜಿನ್‌ನ ಪೈಪರ್ ಸಾರಟೋಗಾ ವಿಮಾನದಲ್ಲಿ ನ್ಯೂಜೆರ್ಸಿಯಿಂದ ಹೊರಟರು. ಮನೆತನದ ಮದುವೆಯೊಂದಕ್ಕೆ ಹೋಗಬೇಕಿತ್ತು. ದಾರಿಯಲ್ಲಿ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪದಲ್ಲಿ ಇಳಿಯಬೇಕಿತ್ತು. ಹೊರಟಾಗ ರಾತ್ರಿ 8.38.

ಅವರಿಗೆ ಸುಮಾರು 310 ಗಂಟೆ ಹಾರಾಟದ ಅನುಭವವಿತ್ತು. ಉಪಕರಣ ಹಾರಾಟದ ಲಿಖಿತ ಪರೀಕ್ಷೆ ಪಾಸಾಗಿತ್ತು. ತರಬೇತಿಯ 25 ಪಾಠಗಳಲ್ಲಿ 12 ಮುಗಿದಿದ್ದವು. ಅಂದರೆ ವಿದ್ಯೆ ಅರ್ಧ ಕೈಗೆ ಬಂದಿತ್ತು, ಅರ್ಹತೆ ಬಂದಿರಲಿಲ್ಲ. ಅಂದು ಜೊತೆಗೆ ಬರುತ್ತೇನೆ ಎಂದು ತರಬೇತುದಾರರೊಬ್ಬರು ಹೇಳಿದ್ದರು. ಒಬ್ಬನೇ ಹೋಗುತ್ತೇನೆ ಎಂದು ಅವರು ಉತ್ತರಿಸಿದ್ದರು.

ಮಳೆ ಇರಲಿಲ್ಲ, ಗುಡುಗು ಇರಲಿಲ್ಲ. ಲೆಕ್ಕದ ಪ್ರಕಾರ ಹವಾಮಾನ ಕಣ್ಣಂದಾಜಿನ ಹಾರಾಟಕ್ಕೆ ಸಾಕಾಗುವಂತೆಯೇ ಇತ್ತು. ಆದರೆ ಸಮುದ್ರದ ಮೇಲೆ ಮಬ್ಬು ಕವಿದಿತ್ತು, ದಿಗಂತ ಅಳಿಸಿಹೋಗಿತ್ತು. ಅದೇ ಸಂಜೆ ಆ ಕಡೆ ಹಾರಿದ ಇನ್ನೊಬ್ಬ ಪೈಲಟ್‌ಗೆ ದ್ವೀಪದ ದೀಪಗಳೇ ಕಾಣಲಿಲ್ಲ. ದ್ವೀಪದಲ್ಲಿ ಕರೆಂಟ್ ಹೋಗಿರಬೇಕು ಅಂದುಕೊಂಡಿದ್ದಾಗಿ ಅವರು ತನಿಖಾಧಿಕಾರಿಗಳಿಗೆ ಹೇಳಿದ್ದರು.

ಕರಾವಳಿಯ ದೀಪಗಳನ್ನು ಬಿಟ್ಟು ವಿಮಾನ ಸಮುದ್ರದ ಮೇಲೆ ಬಂತು. 5,500 ಅಡಿಯಿಂದ ಇಳಿಯತೊಡಗಿತು. ರಾಡಾರ್ ದಾಖಲೆಯಲ್ಲಿ ಕೊನೆಯ ನಿಮಿಷಗಳು ಹೀಗಿವೆ: ಬಲಕ್ಕೆ ತಿರುವು, ಇಳಿಯುವುದು ನಿಂತು ಸ್ವಲ್ಪ ಏರಿಕೆ, ಎಡಕ್ಕೆ ತಿರುವು, ಮತ್ತೆ ಇಳಿತ, ಮತ್ತೆ ಬಲಕ್ಕೆ. ಈ ಸಲ ತಿರುವು ಬಿಗಿಯಾಗುತ್ತಾ ಹೋಯಿತು. ಕೊನೆಗೆ ವಿಮಾನ ನಿಮಿಷಕ್ಕೆ 4,700 ಅಡಿಗೂ ಹೆಚ್ಚು ವೇಗದಲ್ಲಿ ಕೆಳಗೆ ಬರುತ್ತಿತ್ತು. ರಾತ್ರಿ 9.41ರ ಹೊತ್ತಿಗೆ ಸಮುದ್ರಕ್ಕೆ ಬಿತ್ತು. ಮೂವರೂ ಸತ್ತರು.

ಒಂದು ವರ್ಷದ ತನಿಖೆ ನಂತರ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಾರಣ ಹೇಳಿತು: ರಾತ್ರಿ ನೀರಿನ ಮೇಲೆ ಇಳಿಯುವಾಗ ದಿಕ್ಕಿನ ಭ್ರಮೆಯಿಂದ ಪೈಲಟ್ ವಿಮಾನದ ನಿಯಂತ್ರಣ ಕಳೆದುಕೊಂಡರು. ಮಬ್ಬು ಮತ್ತು ಕತ್ತಲೆ ಅದಕ್ಕೆ ಪೂರಕವಾದವು. ಆ ವಿಮಾನದಲ್ಲಿ ಆಟೋಪೈಲಟ್ ಕೂಡ ಇತ್ತು.

ಕೆನಡಿ ಎಂಬ ಹೆಸರಿನಿಂದಾಗಿ ಈ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಇಂಥದ್ದೇ ರೀತಿಯಲ್ಲಿ ಹೆಸರಿಲ್ಲದವರು ಎಷ್ಟೋ ಮಂದಿ ಹೋಗಿದ್ದಾರೆ. ಎಲ್ಲ ಕಡೆ ಕಥೆ ಒಂದೇ: ಸ್ವಲ್ಪ ಗೊತ್ತಿತ್ತು, ಸಾಕಾಗುವಷ್ಟು ಗೊತ್ತಿರಲಿಲ್ಲ.

ಕಲಿಸುವುದು ಹೇಗೆ?

ವಿದ್ಯಾರ್ಥಿಯ ಕಣ್ಣಿಗೆ ಒಂದು ಬಗೆಯ ಕನ್ನಡಕವನ್ನೋ ಹಣೆಗೆ ಅಡ್ಡ ಮರೆಯನ್ನೋ ಹಾಕುತ್ತಾರೆ. ಎದುರಿನ ಮೀಟರ್‌ಗಳು ಕಾಣುತ್ತವೆ, ಹೊರಗಿನದು ಕಾಣುವುದಿಲ್ಲ. ಪಕ್ಕದಲ್ಲಿ ಕುಳಿತ ತರಬೇತುದಾರ ಹೊರಗೆ ಕಣ್ಣಿಟ್ಟಿರುತ್ತಾರೆ. ಎತ್ತಿಗೆ ಕಣ್ಣುಪಟ್ಟಿ ಕಟ್ಟಿ ಗಾಣ ಸುತ್ತಿಸಿದ ಹಾಗೆ ಅಂತ ಕೆಲವರು ತಮಾಷೆ ಮಾಡುವುದುಂಟು.

ಎದುರಿಗೆ ಮುಖ್ಯವಾಗಿ ಆರು ಉಪಕರಣ. ವೇಗ ತೋರಿಸುವುದು, ಎತ್ತರ ತೋರಿಸುವುದು, ಏರಿಳಿತದ ದರ ತೋರಿಸುವುದು, ದಿಕ್ಕು ತೋರಿಸುವುದು, ತಿರುವು ತೋರಿಸುವುದು. ಇವುಗಳ ನಡುವೆ ಕೃತಕ ದಿಗಂತ. ಅರ್ಧ ನೀಲಿ, ಅರ್ಧ ಕಂದು ಬಣ್ಣದ ಈ ಗಡಿಯಾರದಂಥ ಉಪಕರಣವೇ ಮೋಡದಲ್ಲಿ ಪೈಲಟ್‌ನ ಕಣ್ಣು. ಹೊಸ ವಿಮಾನಗಳಲ್ಲಿ ಇವೆಲ್ಲ ಒಂದೇ ಪರದೆ ಮೇಲೆ ಬರುತ್ತವೆ.

ಕಿರಾಣಿ ಅಂಗಡಿಯವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ವರ್ಷಗಟ್ಟಲೆ ಬೇಳೆ ತೂಗಿದ ಕೈ ‘ಇದು ಒಂದು ಕೆಜಿ’ ಅನ್ನುತ್ತದೆ. ತಕ್ಕಡಿ 850 ಗ್ರಾಂ ಅನ್ನುತ್ತದೆ. ಬಿಲ್ ಹಾಕುವುದು ತಕ್ಕಡಿ ನೋಡಿಯೇ, ಕೈ ನಂಬಿ ಅಲ್ಲ. ಪೈಲಟ್ ಕಲಿಯಬೇಕಾದದ್ದೂ ಅಷ್ಟೇ. ವ್ಯತ್ಯಾಸ ಏನೆಂದರೆ, ಇಲ್ಲಿ ಇಡೀ ಮೈಯೇ ‘ತಕ್ಕಡಿ ಸುಳ್ಳು’ ಅಂತ ಕೂಗುತ್ತಿರುತ್ತದೆ.

ವಿದ್ಯಾರ್ಥಿಗಳು ಎಡವುವುದು ಎಲ್ಲಿ?

*ಒಂದೇ ಮೀಟರ್‌ಗೆ ಅಂಟಿಕೊಳ್ಳುವುದು.* ಎತ್ತರ 100 ಅಡಿ ಕಡಿಮೆಯಾಯಿತು ಅಂತ ಗೊತ್ತಾದ ಕೂಡಲೇ ಕಣ್ಣು ಅಲ್ಲೇ ನೆಡುತ್ತದೆ. ಎತ್ತರ ಸರಿಯಾಗುವಷ್ಟರಲ್ಲಿ ದಿಕ್ಕು 20 ಡಿಗ್ರಿ ತಪ್ಪಿರುತ್ತದೆ. ಗಲ್ಲಾಪೆಟ್ಟಿಗೆಯಲ್ಲೇ ತಲೆ ಹುದುಗಿಸಿದ ಅಂಗಡಿಯವನಿಗೆ ಗಿರಾಕಿ ಏನು ಎತ್ತಿಕೊಂಡ ಅಂತ ತಿಳಿಯದ ಹಾಗೆ.

*ಒಂದನ್ನು ನೋಡುವುದೇ ಮರೆಯುವುದು.* ತಿರುವು ಮುಗಿಸಿ ನೇರವಾದ ಮೇಲೆ ದಿಕ್ಕಿನ ಮೀಟರ್ ನೋಡದಿರುವುದು ಇದರ ಸಾಮಾನ್ಯ ಉದಾಹರಣೆ.

*ಇಷ್ಟದ ಮೀಟರ್ ಮೇಲೆ ಅತಿ ನಂಬಿಕೆ.* ಕಣ್ಣಂದಾಜಿನಲ್ಲಿ ಹಾರಿದ ಅಭ್ಯಾಸದಿಂದ ಒಂದೆರಡು ಮೀಟರ್ ಮಾತ್ರ ನೋಡಿ ಉಳಿದದ್ದನ್ನು ಊಹಿಸಿಕೊಳ್ಳುವುದು. ಈ ಮೂರು ತಪ್ಪುಗಳನ್ನು ಪಠ್ಯಪುಸ್ತಕಗಳೇ ಪಟ್ಟಿ ಮಾಡಿವೆ. ಮದ್ದು ಒಂದೇ: ಕಣ್ಣು ನಿಲ್ಲಬಾರದು. ಕೃತಕ ದಿಗಂತ, ಎತ್ತರ, ದಿಗಂತ, ದಿಕ್ಕು, ದಿಗಂತ, ವೇಗ ಹೀಗೆ ಸುತ್ತುತ್ತಲೇ ಇರಬೇಕು.

*ಹಿಡಿಕೆಯನ್ನು ಹಿಂಡುವುದು.* ಹೆದರಿದಾಗ ಕೈ ಬಿಗಿಯಾಗುತ್ತದೆ. ಸಣ್ಣ ತಪ್ಪಿಗೆ ದೊಡ್ಡ ತಿದ್ದುಪಡಿ, ಅದರಿಂದ ಇನ್ನೊಂದು ತಪ್ಪು. ಎರಡು ಬೆರಳಲ್ಲಿ ಹಿಡಿದು ಹಾರಿಸು ಅಂತ ತರಬೇತುದಾರರು ಹೇಳುವುದು ಇದಕ್ಕೇ.

*ಒತ್ತಡದ ಅಂಕಿ ಹಾಕದಿರುವುದು.* ಎತ್ತರ ತೋರಿಸುವ ಆಲ್ಟಿಮೀಟರ್ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಆ ಸ್ಥಳದ ಒತ್ತಡ ಎಷ್ಟಿದೆ ಎಂದು ಕಂಟ್ರೋಲ್ ಟವರ್ ಹೇಳುತ್ತದೆ, ಪೈಲಟ್ ಅದನ್ನು ಉಪಕರಣದಲ್ಲಿ ಹೊಂದಿಸಬೇಕು. ಒಂದು ಹೆಕ್ಟೋಪಾಸ್ಕಲ್ ವ್ಯತ್ಯಾಸಕ್ಕೆ ಸುಮಾರು 27ರಿಂದ 30 ಅಡಿ ತಪ್ಪು ಬರುತ್ತದೆ. ಪ್ರಮಾಣಿತ ಒತ್ತಡ 1013. ಮಳೆಗಾಲದ ವಾಯುಭಾರ ಕುಸಿತದ ದಿನ ಅದು 1003ಕ್ಕೆ ಇಳಿದಿದ್ದು, ಪೈಲಟ್ ಹೊಸ ಅಂಕಿ ಹಾಕಲು ಮರೆತರೆ, ವಿಮಾನ ತೋರಿಸಿದ್ದಕ್ಕಿಂತ ಸುಮಾರು 300 ಅಡಿ ಕೆಳಗಿರುತ್ತದೆ. ಬಿಸಿಲಲ್ಲಿ ಇದು ಬೈಸಿಕೊಳ್ಳುವ ತಪ್ಪು. ಮೋಡದಲ್ಲಿ ಇದೇ ತಪ್ಪು ಗುಡ್ಡಕ್ಕೆ ಹೊಡೆಸಬಹುದು.

*ಕೈಯಲ್ಲಿ ಕೆಲಸ ಹೆಚ್ಚಾಗಿ ಮುಖ್ಯ ಕೆಲಸ ಬಿಡುವುದು.* ರೇಡಿಯೋದಲ್ಲಿ ಟವರ್ ಕರೆಯುತ್ತದೆ, ಮ್ಯಾಪ್ ಜಾರಿ ಬೀಳುತ್ತದೆ, ಆವರ್ತನ ಬದಲಿಸಬೇಕು. ಬಗ್ಗಿ ಬಟನ್ ತಿರುಗಿಸುವ ಹತ್ತು ಸೆಕೆಂಡಿನಲ್ಲಿ ವಿಮಾನ ವಾಲಿರುತ್ತದೆ. ಮೇಲಾಗಿ, ವಿಮಾನ ತಿರುಗುತ್ತಿರುವಾಗ ತಲೆಯನ್ನು ಥಟ್ಟನೆ ಬಗ್ಗಿಸಿದರೆ ಕಿವಿಯ ಭ್ರಮೆ ಹಲವು ಪಟ್ಟು ಹೆಚ್ಚುತ್ತದೆ. ‘ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು’ ಎಂಬ ಪಾಠ ಬಂದಿರುವುದು ಇದರಿಂದಲೇ.

*ಕದ್ದು ನೋಡುವುದು.* ಮರೆ ಹಾಕಿಕೊಂಡಿದ್ದರೂ ಅಂಚಿನಿಂದ ಒಂದಿಷ್ಟು ದಿಗಂತ ಕಾಣುತ್ತದೆ, ಸೂರ್ಯನ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅಂತ ಗೊತ್ತಾಗುತ್ತದೆ. ವಿದ್ಯಾರ್ಥಿ ಚೆನ್ನಾಗಿಯೇ ಹಾರಿಸುತ್ತಾನೆ. ನಿಜವಾದ ಮೋಡದಲ್ಲಿ ಆ ಸಹಾಯ ಇರುವುದಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಪೇಪರ್ ನೋಡಿ ಬರೆದ ಹಾಗೆ, ಮೋಸ ಆಗುವುದು ತನಗೇ.

*‘ಹಾರಿಸುತ್ತಿರುವುದು ಯಾರು?’ ಎಂಬ ಗೊಂದಲ.* ತರಬೇತಿ ವಿಮಾನದಲ್ಲಿ ಇಬ್ಬರ ಮುಂದೆಯೂ ಹಿಡಿಕೆ ಇರುತ್ತದೆ. ಕಷ್ಟ ಬಂದಾಗ ವಿದ್ಯಾರ್ಥಿ ‘ಸರ್ ಹಿಡಿದಿದ್ದಾರೆ’ ಅಂದುಕೊಳ್ಳುತ್ತಾನೆ, ಸರ್ ‘ಹುಡುಗ ಹಿಡಿದಿದ್ದಾನೆ’ ಅಂದುಕೊಳ್ಳುತ್ತಾರೆ. ಅದಕ್ಕೇ ‘ಐ ಹ್ಯಾವ್ ಕಂಟ್ರೋಲ್’, ‘ಯು ಹ್ಯಾವ್ ಕಂಟ್ರೋಲ್’ ಅಂತ ಬಾಯಿಬಿಟ್ಟು ಹೇಳಿಯೇ ಹಸ್ತಾಂತರ ಮಾಡಬೇಕು ಎಂಬ ಕಟ್ಟುನಿಟ್ಟು. ಕಲಿಯಲಿ ಅಂತ ತರಬೇತುದಾರರು ತಪ್ಪನ್ನು ಸ್ವಲ್ಪ ಹೊತ್ತು ಬಿಡುತ್ತಾರೆ. ಎಷ್ಟು ಹೊತ್ತು ಬಿಡಬೇಕು ಎಂಬ ಲೆಕ್ಕ ತಪ್ಪಿದರೆ ಅದು ಅವರ ತಪ್ಪು.

ಮೀಟರೇ ಸುಳ್ಳು ಹೇಳಿದರೆ?

ಉಪಕರಣವನ್ನು ನಂಬಬೇಕು, ನಿಜ. ಆದರೆ ಒಂದೇ ಉಪಕರಣವನ್ನಲ್ಲ. ತಕ್ಕಡಿ ಮೇಲೆ ಅನುಮಾನ ಬಂದರೆ ತೂಕದ ಕಲ್ಲು ಇಟ್ಟು ನೋಡುವುದಿಲ್ಲವೇ? ಹಾಗೆ.

1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಎಂಬ ಬೋಯಿಂಗ್ 747 ಮುಂಬೈಯಿಂದ ದುಬೈಗೆ ಹೊರಟಿತು. ಮುಂದೆ ಅರಬ್ಬಿ ಸಮುದ್ರ, ಕಗ್ಗತ್ತಲು. ಟೇಕಾಫ್ ಆಗಿ ಬಲಕ್ಕೆ ತಿರುಗಿ ನೇರವಾದ ವಿಮಾನವನ್ನು, ಕ್ಯಾಪ್ಟನ್ ಮುಂದಿದ್ದ ಕೃತಕ ದಿಗಂತ ಇನ್ನೂ ಬಲಕ್ಕೆ ವಾಲಿದೆ ಎಂದೇ ತೋರಿಸುತ್ತಿತ್ತು. ಅದನ್ನು ನಂಬಿ ಅವರು ಎಡಕ್ಕೆ, ಇನ್ನೂ ಎಡಕ್ಕೆ ವಾಲಿಸಿದರು. ಹಾರಿದ ಎರಡೇ ನಿಮಿಷದೊಳಗೆ ವಿಮಾನ ಸಮುದ್ರಕ್ಕೆ ಬಿತ್ತು. 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಉಪಕರಣ ಕೆಟ್ಟಿತ್ತು, ಉಳಿದ ಉಪಕರಣಗಳ ಸಹಾಯದಿಂದ ವಿಮಾನವನ್ನು ಹತೋಟಿಗೆ ತರಲು ಆಗಲಿಲ್ಲ ಎಂದು ತನಿಖೆ ಹೇಳಿತು.

ಅಂಥ ಅನುಭವಿಗಳಿಗೇ ಹೀಗಾಗಬಹುದಾದರೆ ಹೊಸಬರ ಪಾಡೇನು? ಹಾಗಾಗಿ ತರಬೇತಿಯಲ್ಲಿ ಬೇಕೆಂದೇ ಒಂದೆರಡು ಮೀಟರ್ ಮುಚ್ಚಿ, ಉಳಿದವುಗಳಿಂದ ಹಾರಿಸು ಎನ್ನುತ್ತಾರೆ. ವೇಗ ಅಳೆಯುವ ಪಿಟೋ ಕೊಳವೆಗೆ ನೀರು ಹೊಕ್ಕರೂ, ಕಣಜ ಗೂಡು ಕಟ್ಟಿದರೂ ವೇಗದ ಅಂಕಿ ಕೆಡುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ವಿಮಾನವನ್ನು ಹಾರಿಸುವ ಮುನ್ನ ಅದನ್ನು ಇಣುಕಿ ನೋಡುವುದು ಶಾಸ್ತ್ರಕ್ಕಲ್ಲ. ಕಾರ್ಬುರೇಟರ್ ಇರುವ ಸಣ್ಣ ಎಂಜಿನ್‌ಗಳಲ್ಲಿ ಇನ್ನೊಂದು ತೊಂದರೆ. ಹೊರಗೆ 20 ಡಿಗ್ರಿ ಇದ್ದರೂ, ಗಾಳಿ ತೇವವಾಗಿದ್ದರೆ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಶಕ್ತಿ ಇಳಿಯಬಹುದು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. 2023ರ ಮೇ 30ರಂದು ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ಹೊನ್ನಿಹಾಳ ಬಳಿ ಹೊಲದಲ್ಲಿ ತುರ್ತಾಗಿ ಇಳಿದು, ಇಬ್ಬರಿಗೆ ಸಣ್ಣಪುಟ್ಟ ಗಾಯವಾಗಿದ್ದು ಜನರಿಗೆ ನೆನಪಿದೆ. ಅದು ತಾಂತ್ರಿಕ ತೊಂದರೆಯ ಪ್ರಕರಣ. ಮೋಡದ ಭ್ರಮೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನೆಲ ಕಾಣುತ್ತಿದ್ದರೆ ಹೊಲವನ್ನಾದರೂ ಹುಡುಕಬಹುದು. ಮೋಡ ನೆಲ ಮುಟ್ಟಿದ ದಿನ ಎಂಜಿನ್ ಕೈಕೊಟ್ಟರೆ ಹುಡುಕಲು ಹೊಲವೂ ಕಾಣುವುದಿಲ್ಲ.

ಇಳಿಯುವ ಹೊತ್ತಿನ ಹಟ

ಮಂಜಿನಲ್ಲಿ ಇಳಿಯಲು ದೊಡ್ಡ ನಿಲ್ದಾಣಗಳಲ್ಲಿ ಐಎಲ್‌ಎಸ್ ಎಂಬ ರೇಡಿಯೋ ವ್ಯವಸ್ಥೆ ಇರುತ್ತದೆ. ರನ್‌ವೇಯ ನೇರಕ್ಕೆ ಒಂದು ಗೆರೆ, ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಇನ್ನೊಂದು ಗೆರೆ. ಎರಡೂ ಗೆರೆ ಹಿಡಿದು ಇಳಿದರೆ ರನ್‌ವೇ ಸಿಗುತ್ತದೆ. ಸಾಮಾನ್ಯ ದರ್ಜೆಯ ವ್ಯವಸ್ಥೆಯಲ್ಲಿ ನೆಲದಿಂದ 200 ಅಡಿ ಎತ್ತರದಲ್ಲಿ ತೀರ್ಮಾನ ಮಾಡಬೇಕು. ರನ್‌ವೇ ದೀಪ ಕಂಡರೆ ಇಳಿ, ಕಾಣದಿದ್ದರೆ ಮೇಲೇಳು. ಮೂರನೆಯ ದಾರಿ ಇಲ್ಲ. ಮೇಲೆ ಹೇಳಿದ 300 ಅಡಿಯ ಆಲ್ಟಿಮೀಟರ್ ತಪ್ಪನ್ನು ಈ 200 ಅಡಿಯ ಪಕ್ಕ ಇಟ್ಟು ನೋಡಿದರೆ ಅದರ ಅಪಾಯ ಗೊತ್ತಾಗುತ್ತದೆ.

ಹೊಸಬರ ದೊಡ್ಡ ತಪ್ಪು ‘ಇನ್ನೊಂದು ಸ್ವಲ್ಪ ಇಳಿದರೆ ಕಾಣಬಹುದು’ ಎಂಬ ಆಸೆ. ಇನ್ನೊಂದು ತಪ್ಪು, ಗೆರೆ ತಪ್ಪಿದ್ದರೂ ‘ಸರಿ ಮಾಡ್ಕೊಳ್ಳೋಣ’ ಅಂತ ಮುಂದುವರಿಯುವುದು. ಮೋಡ ಇದ್ದಾಗ ನೆಲದಿಂದ 1,000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿಯುವ ದರ, ದಿಕ್ಕು ಎಲ್ಲ ಹದಕ್ಕೆ ಬಂದಿರಬೇಕು. ಬಂದಿಲ್ಲ ಅಂದರೆ ಮೇಲೆದ್ದು ಇನ್ನೊಂದು ಸುತ್ತು ಬರಬೇಕು.

ಹೀಗೆ ಮೇಲೇಳದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ನೋಡಿದೆ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಗುಡ್ಡದ ಅಂಚಿನಾಚೆ ಬಿದ್ದು 158 ಮಂದಿ ಸತ್ತರು, 8 ಮಂದಿ ಬದುಕಿದರು. ಅಂದು ಹವಾಮಾನ ಕೆಟ್ಟಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಮೇಲೇಳೋಣ ಎಂದು ಸಹ ಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಿದರು. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದು, ಎಚ್ಚರವಾದ ಮೇಲೂ ಮಂಪರು ಇದ್ದಿರಬಹುದು ಎಂಬುದನ್ನೂ ತನಿಖೆ ಗುರುತಿಸಿತು. ಬಿಸಿಲ ದಿನದಲ್ಲೇ ಹಟ ಹೀಗೆ ಮಾಡಿದರೆ ಮಂಜಿನ ದಿನ ಏನು ಮಾಡೀತು?

ತಪ್ಪು ಶುರುವಾಗುವುದು ನೆಲದ ಮೇಲೆ

ಅಪಘಾತದ ವರದಿಗಳನ್ನು ಓದಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಗಾಳಿಯಲ್ಲಿ ಆದ ತಪ್ಪಿಗೆ ಮೊದಲೇ ನೆಲದ ಮೇಲೆ ಒಂದು ತಪ್ಪು ಆಗಿರುತ್ತದೆ. ಹವಾಮಾನ ವರದಿ ಓದಿರುತ್ತಾರೆ, ಆದರೆ ತಮಗೆ ಬೇಕಾದಂತೆ ಓದಿರುತ್ತಾರೆ. ಮದುವೆಗೆ ತಡವಾಗಿರುತ್ತದೆ. ಕೋರ್ಸ್ ಮುಗಿಯಲು ಇನ್ನು ಹತ್ತು ಗಂಟೆ ಬಾಕಿ ಇರುತ್ತದೆ. ಬ್ಯಾಂಕ್ ಸಾಲದ ಕಂತು ಶುರುವಾಗಿರುತ್ತದೆ. ‘ಹೋಗಿ ನೋಡೋಣ’ ಅನ್ನುತ್ತಾರೆ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮೋಡ ಎದ್ದಾಗ ಆ ಮಾತು ಇನ್ನೂ ಅಪಾಯ. ದೊಡ್ಡ ಗುಡುಗು ಮೋಡದಿಂದ 20 ಮೈಲಿಯಾದರೂ ದೂರ ಇರಬೇಕು ಎಂಬುದು ಪೈಲಟ್‌ಗಳಿಗೆ ಕೊಡುವ ಸಲಹೆ. ಸಣ್ಣ ತರಬೇತಿ ವಿಮಾನಕ್ಕೆ ಅದರೊಳಗೆ ಕೆಲಸವೇ ಇಲ್ಲ.

ಮನೆಯವರು ಇಲ್ಲಿ ಮಾಡಬಹುದಾದ್ದು ಇದೆ. ಮಗನನ್ನೋ ಮಗಳನ್ನೋ ಪೈಲಟ್ ಕೋರ್ಸ್‌ಗೆ ಸೇರಿಸುವ ಮುನ್ನ ಶುಲ್ಕದ ಜೊತೆ ಇವನ್ನೂ ಕೇಳಬೇಕು:

– ಉಪಕರಣ ಹಾರಾಟದ 40 ಗಂಟೆಯಲ್ಲಿ ಸಿಮ್ಯುಲೇಟರ್ ಎಷ್ಟು, ವಿಮಾನ ಎಷ್ಟು?

– ಮಳೆಗಾಲದಲ್ಲಿ ಹಾರಾಟ ನಿಂತ ದಿನಗಳಲ್ಲಿ ಏನು ಕಲಿಸುತ್ತಾರೆ?

– ಹವಾಮಾನ ಸರಿಯಿಲ್ಲ ಅಂತ ವಿದ್ಯಾರ್ಥಿಯೇ ಹಾರಾಟ ಬೇಡವೆಂದರೆ ಶಾಲೆ ಏನು ಮಾಡುತ್ತದೆ?

ಮೂರನೆಯ ಪ್ರಶ್ನೆಗೆ ಬರುವ ಉತ್ತರ ಮುಖ್ಯ. ‘ಇವತ್ತು ಬೇಡ ಸರ್’ ಅಂದ ಹುಡುಗಿಯನ್ನು ಹೆದರುಪುಕ್ಕಲಿ ಅನ್ನದ ಶಾಲೆ ಒಳ್ಳೆಯ ಶಾಲೆ. ಫೋನ್ ಮಾಡಿ ‘ಇನ್ನೂ ಎಷ್ಟು ಗಂಟೆ ಬಾಕಿ ಐತಿ?’ ಎಂದು ದಿನಾ ಕೇಳುವ ಅಪ್ಪನ ಮಾತೂ ಮಗುವಿನ ತಲೆಯಲ್ಲಿ ಕುಳಿತಿರುತ್ತದೆ ಎಂಬುದು ನೆನಪಿರಬೇಕು.

ಪ್ರಯಾಣಿಕರಿಗೂ ಇದರಲ್ಲಿ ಪಾಲಿದೆ. ಮಂಜಿನಿಂದ ವಿಮಾನ ತಡವಾದಾಗ, ಇಳಿಯಬೇಕಾದ ವಿಮಾನ ರನ್‌ವೇ ಹತ್ತಿರ ಬಂದು ಮತ್ತೆ ಮೇಲೆದ್ದಾಗ, ಬೇರೆ ಊರಿಗೆ ತಿರುಗಿದಾಗ ಸಿಟ್ಟು ಬರುವುದು ಸಹಜ. ವ್ಯಾಪಾರದ ಕೆಲಸ ಕೆಡುತ್ತದೆ. ಆದರೆ ಅಲ್ಲಿ ಮುಂದೆ ಕುಳಿತವರು ತಮ್ಮ ಕಿವಿಯ ಮಾತು, ಹಟದ ಮಾತು ಎರಡನ್ನೂ ಬದಿಗಿಟ್ಟು ಮೀಟರ್ ಮಾತು ಕೇಳಿದ್ದಾರೆ ಅಂತ ಅರ್ಥ.

ಈ ಮಳೆಗಾಲದಲ್ಲೂ ಸಾಂಬ್ರಾ ಸುತ್ತಲಿನ ಆಕಾಶ ಕೆಲವು ದಿನ ಸುಮ್ಮನಿರುತ್ತದೆ. ಚಹಾದಂಗಡಿಯಲ್ಲಿ ಯಾರಾದರೂ ಮತ್ತೆ ಆ ಪ್ರಶ್ನೆ ಕೇಳಿದರೆ ಉತ್ತರ ಸರಳ: ಮಳೆಗೆ ಹೆದರಿ ನಿಂತಿಲ್ಲ, ನೆಲ ಕಾಣುವುದಿಲ್ಲ ಅಂತ ನಿಂತಿವೆ.